ಗಾಜಿನ ಪೆಟ್ಟಿಗೆಯಲ್ಲಿ ಕಡಲನ್ನು ಸಾಕಬಹುದೇ?

ಮನೆಯಲ್ಲಿ ಅಕ್ವೇರಿಯಂ ಇಡುವ ಹವ್ಯಾಸ ಹೊಸದೇನಲ್ಲ. ಗೋಲ್ಡ್‌ಫಿಶ್, ಗಪ್ಪಿಗಳಿಂದ ಆರಂಭವಾದ ಈ ಹವ್ಯಾಸವು ಉಪ್ಪುನೀರಿನ ತೊಟ್ಟಿಗಳಿಗೆ, ಹವಳದ ಜೀವಿಗಳಿಗೆ ವಿಸ್ತರಿಸಿ, ಈಗ ಆಕ್ಟೋಪಸ್‌ನಂಥ ಪ್ರಾಣಿಯನ್ನೂ ನಡುಮನೆಗೆ ತರುವ ಹಂಬಲಕ್ಕೆ ಬಂದು ನಿಂತಿದೆ. 2020ರಲ್ಲಿ ತೆರೆಕಂಡು ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆದ ‘ಮೈ ಆಕ್ಟೋಪಸ್ ಟೀಚರ್’ ಸಾಕ್ಷ್ಯಚಿತ್ರವು ಈ ಪ್ರಾಣಿಯ ಬಗ್ಗೆ ಜಗತ್ತಿನಾದ್ಯಂತ ಕುತೂಹಲ ಮೂಡಿಸಿತು. ಆದರೆ ಆ ಚಿತ್ರದ ಆಕ್ಟೋಪಸ್ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಸ್ವತಂತ್ರವಾಗಿಯೇ ಇತ್ತು. ಅದನ್ನು ಅರಿಯಲು ಮನುಷ್ಯನೇ ನೀರಿಗಿಳಿದಿದ್ದ. ಮೆಚ್ಚಿದ ಜೀವಿಯನ್ನು ಅದರ ನೆಲೆಯಲ್ಲಿಯೇ ಹೋಗಿ ನೋಡುವುದಕ್ಕೂ ಕೊಂಡು ತಂದು ಮನೆಯಲ್ಲಿಡುವುದಕ್ಕೂ ಬಹಳ ಅಂತರವಿದೆ.

ಘಟ್ಟದ ಮೇಲಿನ ಪತ್ರಿಕೆಗೆ ಕಡಲ ಪ್ರಾಣಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ಆಕ್ಟೋಪಸ್ಸನ್ನು ಕಡಲಿನಿಂದ ತೊಟ್ಟಿಗೆ ತರುವ ಅಲಂಕಾರಿಕ ಜಲಜೀವಿಗಳ ವ್ಯಾಪಾರವೇ ಮಲೆನಾಡಿನ ಹೊಳೆಗಳಿಗೂ ಬಲೆ ಬೀಸಿದೆ. ಆ ವ್ಯಾಪಾರದ ನಿಜವಾದ ವೆಚ್ಚವನ್ನು ತಿಳಿಯಲು ಆಕ್ಟೋಪಸ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಆಕ್ಟೋಪಸ್ ಮೀನಲ್ಲ. ಶಂಖ, ಬಸವನಹುಳುಗಳ ಮೃದ್ವಂಗಿ ವರ್ಗಕ್ಕೆ ಸೇರಿದ ಇದು, ಕರಾವಳಿಯ ಮೀನುಪೇಟೆಯಲ್ಲಿ ಬೊಂಡಾಸ್ ಎಂದು ಮಾರಾಟವಾಗುವ ಜೀವಿಯ ಹತ್ತಿರದ ಸಂಬಂಧಿ. ಇದಕ್ಕೆ ಮೂರು ಹೃದಯಗಳಿವೆ. ಇದರ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಲಸ ಕಬ್ಬಿಣದ್ದಲ್ಲ, ತಾಮ್ರದ್ದು. ಆದ್ದರಿಂದ ರಕ್ತ ನೀಲಿ. ಸಾಮಾನ್ಯ ಆಕ್ಟೋಪಸ್‌ನ ದೇಹದಲ್ಲಿ ಸುಮಾರು 50 ಕೋಟಿ ನರಕೋಶಗಳಿದ್ದು, ಅವುಗಳಲ್ಲಿ ಬಹುಪಾಲು ಎಂಟು ತೋಳುಗಳಲ್ಲಿ ಹರಡಿಕೊಂಡಿವೆ. ಮೂಳೆಯಿಲ್ಲದ ಮೈಯಲ್ಲಿ ಗಟ್ಟಿಯಾದ ಭಾಗವೆಂದರೆ ಗಿಳಿಯ ಕೊಕ್ಕಿನಂಥ ಬಾಯಿ. ಆ ಕೊಕ್ಕು ತೂರುವಷ್ಟು ಕಿಂಡಿ ಸಿಕ್ಕರೆ ಇಡೀ ಪ್ರಾಣಿಯೇ ಹೊರಬರಬಲ್ಲದು.

ಇಂತಹ ಜೀವಿಗೆ ಮನೆಯಲ್ಲಿ ನೆಲೆ ಒದಗಿಸುವುದೆಂದರೆ ಏನು? ಹವ್ಯಾಸಿಗಳು ಸಾಕುವ ಪ್ರಭೇದಗಳಲ್ಲಿ ಮುಖ್ಯವಾದುದು ಕ್ಯಾಲಿಫೋರ್ನಿಯಾ ಕರಾವಳಿಯ ಎರಡು ಚುಕ್ಕೆಯ ಆಕ್ಟೋಪಸ್. ಗಾತ್ರದಲ್ಲಿ ಚಿಕ್ಕದಾದ ಇದಕ್ಕೂ ಕನಿಷ್ಠ 200 ಲೀಟರ್ ನೀರಿನ ತೊಟ್ಟಿ ಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ, ತೊಟ್ಟಿ ತುಂಬಿಸಲು 7 ಕಿಲೋ ಲವಣ ಕರಗಿಸಬೇಕು. ಅಡುಗೆಯ ಉಪ್ಪು ಇದಕ್ಕೆ ಆಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವು ಕಡಲಿನ ಪ್ರಮಾಣದಲ್ಲಿಯೇ ಇರುವ ಮಿಶ್ರಣ ಬೇಕು. ನಲ್ಲಿಯ ನೀರನ್ನು ಶುದ್ಧೀಕರಿಸದೆ ಬಳಸುವಂತಿಲ್ಲ, ಏಕೆಂದರೆ ಅದರಲ್ಲಿನ ಕ್ಲೋರಿನ್ ಅಥವಾ ತಾಮ್ರದ ಅಂಶ ಈ ಪ್ರಾಣಿಯನ್ನು ಕೊಲ್ಲಬಲ್ಲದು. ಮೀನುಗಳ ರೋಗಕ್ಕೆಂದು ಹಿಂದೆಂದೋ ತಾಮ್ರದ ಔಷಧ ಹಾಕಿದ ತೊಟ್ಟಿಯೂ ಅಪಾಯಕಾರಿ.

ನೀರು ಸಿದ್ಧವಾದೊಡನೆ ಪ್ರಾಣಿಯನ್ನು ತಂದು ಬಿಡುವಂತೆಯೂ ಇಲ್ಲ. ಜಲಜೀವಿಗಳ ಮಲಮೂತ್ರದಿಂದ ಹಾಗೂ ಉಳಿದ ಆಹಾರದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಕಡಿಮೆ ವಿಷದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಸೂಕ್ಷ್ಮಜೀವಿಗಳು ಕಲ್ಲು, ಮರಳು, ಸೋಸುಕಗಳಲ್ಲಿ ನೆಲೆಯೂರಲು ವಾರಗಟ್ಟಲೆ ಕಾಯಬೇಕು. ಆಕ್ಟೋಪಸ್‌ಗಾದರೆ ತೊಟ್ಟಿ ಮೂರು ತಿಂಗಳಾದರೂ ಮಾಗಬೇಕೆಂಬುದು ಅನುಭವಿಗಳ ಮಾತು. ಗೊಬ್ಬರಗುಂಡಿ ಮಾಗುವವರೆಗೆ ಕಾಯುವ ಕೃಷಿಕನಿಗೆ ಈ ತಾಳ್ಮೆ ಅರ್ಥವಾದೀತು. ಅಂಗಡಿಯಿಂದ ಇಂದೇ ತಂದು ಇಂದೇ ನೆಂಟರಿಗೆ ತೋರಿಸಬೇಕೆನ್ನುವವರಿಗೆ ಅರ್ಥವಾಗುವುದು ಕಷ್ಟ.

ಅನಂತರ ಬರುವುದು ದಿನನಿತ್ಯದ ಪಾಲನೆ. ಎರಡು ಚುಕ್ಕೆಯ ಆಕ್ಟೋಪಸ್ ತಂಪು ಕಡಲಿನದು. ನೀರಿನ ಉಷ್ಣತೆ ಸುಮಾರು 15ರಿಂದ 22 ಡಿಗ್ರಿಯೊಳಗೆ ಇರಬೇಕು. ಬಯಲುಸೀಮೆಯ ಬೇಸಗೆಯಲ್ಲಿ ಇದಕ್ಕಾಗಿ ಹಗಲಿರುಳು ಶೀತಕ ಯಂತ್ರ ಓಡಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ನೀರಿನ ಆಮ್ಲಜನಕ ಕುಗ್ಗುತ್ತದೆ. ವಾರಕ್ಕೊಮ್ಮೆ 30 ಲೀಟರ್ ನೀರು ಬದಲಿಸಿದರೂ ಪ್ರತಿ ವಾರ ಒಂದು ಕಿಲೋದಷ್ಟು ಲವಣ ಬೇಕು. ಆಹಾರಕ್ಕೆ ಏಡಿ, ಸಿಗಡಿಗಳನ್ನು ಒದಗಿಸುತ್ತಲೇ ಇರಬೇಕು. ಜೊತೆಗೆ ಬೇರೆ ಮೀನುಗಳನ್ನು ಬಿಡುವಂತಿಲ್ಲ. ಒಂದೋ ಆಕ್ಟೋಪಸ್ ಅವನ್ನು ತಿನ್ನುತ್ತದೆ, ಇಲ್ಲವೇ ಅವು ಇದನ್ನು ಕಚ್ಚುತ್ತವೆ. ಪಂಪಿನ ಬಾಯಿಗೆ ಸ್ಪಂಜು, ತೊಟ್ಟಿಗೆ ಭದ್ರವಾದ ಮುಚ್ಚಳ ಅನಿವಾರ್ಯ. ಇಷ್ಟೆಲ್ಲ ಮಾಡಿದರೂ ಸುಮ್ಮನೆ ಬಿಟ್ಟರೆ ಅದಕ್ಕೆ ಬೇಸರ; ಬಿಚ್ಚಿ ನೋಡಲು ಮುಚ್ಚಳದ ಜಾಡಿ, ಅಡಗಲು ಗುಹೆ, ಹುಡುಕಾಡಲು ಕಲ್ಲುಗಳು ಬೇಕು.

ಇಷ್ಟು ಶ್ರಮಕ್ಕೆ ದೊರೆಯುವ ಸಾಂಗತ್ಯ ಎಷ್ಟು ದಿನದ್ದು? ಈ ಪ್ರಭೇದದ ಒಟ್ಟು ಆಯುಷ್ಯವೇ ಒಂದೆರಡು ವರ್ಷ. ಮಾರಾಟವಾಗುವ ಆಕ್ಟೋಪಸ್‌ಗಳಲ್ಲಿ ಬಹುಪಾಲು ಕಡಲಿನಿಂದಲೇ ಹಿಡಿದು ತಂದವು; ಹಿಡಿದಾಗ ಅದರ ವಯಸ್ಸೆಷ್ಟೆಂದು ಮಾರುವವನಿಗೂ ತಿಳಿದಿರುವುದಿಲ್ಲ, ಕೊಳ್ಳುವವನಿಗೂ ತಿಳಿಯುವುದಿಲ್ಲ. ಹೆಣ್ಣು ಒಮ್ಮೆ ಮೊಟ್ಟೆಯಿಟ್ಟ ಮೇಲೆ ಆಹಾರ ಬಿಟ್ಟು, ಮೊಟ್ಟೆಗಳನ್ನು ಕಾಯುತ್ತಲೇ ಸವೆದು ಸಾಯುತ್ತದೆ. ಕಣ್ಣುಗಳ ಬಳಿಯ ಗ್ರಂಥಿಗಳನ್ನು ತೆಗೆದರೆ ಅದು ಮತ್ತೆ ಉಣ್ಣತೊಡಗುತ್ತದೆಂಬುದನ್ನು 1977ರಲ್ಲಿ ಜೆರೋಮ್ ವೊಡಿನ್‌ಸ್ಕಿ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅಂದರೆ ಆ ಸಾವು ರೋಗದಿಂದಾಗಲೀ ಆರೈಕೆಯ ಕೊರತೆಯಿಂದಾಗಲೀ ಬಂದುದಲ್ಲ, ಅದರ ದೇಹದಲ್ಲಿಯೇ ಬರೆದಿರುವ ಕ್ರಮ. ಕಡಲಿನಲ್ಲಾದರೆ ಆ ಸಾವಿನ ಹಿಂದೆ ಹೊಸ ಪೀಳಿಗೆಯಿರುತ್ತದೆ. ತೊಟ್ಟಿಯಲ್ಲಿ ಒಂಟಿಯಾಗಿಟ್ಟ ಹೆಣ್ಣು, ಒಡೆಯದ ಮೊಟ್ಟೆಗಳನ್ನೂ ಹಾಗೆಯೇ ಕಾಯುತ್ತಾ ಕೊನೆಯಾಗುತ್ತದೆ.

ನ್ಯೂಜಿಲೆಂಡಿನ ನೇಪಿಯರ್ ನಗರದ ರಾಷ್ಟ್ರೀಯ ಅಕ್ವೇರಿಯಂನಲ್ಲಿದ್ದ ಇಂಕಿ ಎಂಬ ಆಕ್ಟೋಪಸ್ ರಾತ್ರಿಯ ವೇಳೆ ತೊಟ್ಟಿಯಿಂದ ಹೊರಬಂದು, ನೆಲದ ಮೇಲೆ ಸಾಗಿ, ಚರಂಡಿಯ ಕೊಳವೆಯ ಮೂಲಕ ಕಡಲು ಸೇರಿದ ಸುದ್ದಿ 2016ರಲ್ಲಿ ಜಗತ್ತನ್ನೆಲ್ಲ ನಗಿಸಿತು. ತರಬೇತಿ ಪಡೆದ ಸಿಬ್ಬಂದಿಯಿದ್ದ ಸಂಸ್ಥೆಯಲ್ಲಿಯೇ ಹೀಗಾದರೆ ಮನೆಯ ತೊಟ್ಟಿಯ ಪಾಡೇನು ಎಂಬುದು ಒಂದು ಪ್ರಶ್ನೆ. ಪ್ರಾಣಿಗೆ ಆ ತೊಟ್ಟಿ ಏನೆನಿಸಿರಬಹುದು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಬ್ರಿಟನ್ 2022ರ ತನ್ನ ಪ್ರಾಣಿಕಲ್ಯಾಣ ಕಾಯಿದೆಯಲ್ಲಿ ಆಕ್ಟೋಪಸ್, ಏಡಿ, ಸಿಗಡಿಗಳನ್ನೂ ಸುಖದುಃಖ ಅನುಭವಿಸುವ ಜೀವಿಗಳ ಸಾಲಿಗೆ ಸೇರಿಸಿತು. ಬೆನ್ನುಮೂಳೆ ಇಲ್ಲದ ಜೀವಿಗೆ ನೋವಿಲ್ಲವೆಂಬ ಹಳೆಯ ಸಮಾಧಾನ ಇನ್ನು ಉಳಿಯುವಂತಿಲ್ಲ.

ಈಗ ಕಡಲಿನಿಂದ ಹೊಳೆಗೆ ಬರಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1920ರಲ್ಲಿ ತುಂಗಾ ನದಿಯ ಪುಟ್ಟ ಮೀನೊಂದನ್ನು ವಿಜ್ಞಾನಕ್ಕೆ ಪರಿಚಯಿಸಿ, ಅದರ ಮೈಮೇಲಿನ ಪಟ್ಟೆಗಳನ್ನೇ ಸೂಚಿಸುವಂತೆ ಬೋಟಿಯಾ ಸ್ಟ್ರಯೇಟಾ ಎಂದು ಹೆಸರಿಟ್ಟರು. ಅಕ್ವೇರಿಯಂ ಪೇಟೆಯಲ್ಲಿ ಅದು ಜೀಬ್ರಾ ಲೋಚ್. ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ನದಿಯೊಂದು ಕಾಸರಗೋಡಿನ ಬಳಿ ಚಂದ್ರಗಿರಿಯೆಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಆ ನದಿಯಲ್ಲಿಯೂ ಕೇರಳದ ಇತರ ಕೆಲವು ನದಿಗಳಲ್ಲಿಯೂ ಇರುವ ಕೆಂಪುಗೆರೆಯ ಮೀನಿಗೆ ಪೇಟೆಯಲ್ಲಿ ‘ಮಿಸ್ ಕೇರಳ’ ಎಂಬ ಬಿರುದು. ಎರಡೂ ಪಶ್ಚಿಮಘಟ್ಟದ ಸೀಮಿತ ನೆಲೆಯ ಮೀನುಗಳು. ಎರಡೂ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನವು. 2005ರಿಂದ 2012ರವರೆಗಿನ ಅವಧಿಯಲ್ಲಿ ಭಾರತದಿಂದ, ಅಪಾಯಕ್ಕೊಳಗಾದ 30 ಪ್ರಭೇದಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ರಫ್ತಾದವೆಂದು 2013ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು. ಅತಿ ಹೆಚ್ಚು ಸಂಖ್ಯೆಯಲ್ಲಿ ಹೋದವುಗಳಲ್ಲಿ ಇವೆರಡೂ ಇದ್ದವು.

ಹುಲಿಯ ಚರ್ಮ ಸಿಕ್ಕಿದರೆ ಮುಖಪುಟದ ಸುದ್ದಿಯಾಗುತ್ತದೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹೊಳೆಯ ಮೀನು ವಿಮಾನ ಹತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಕೇರಳ ಸರಕಾರ 2008ರಲ್ಲಿ ಕೆಂಪುಗೆರೆಯ ಮೀನು ಹಿಡಿಯುವುದಕ್ಕೆ ಕೆಲವು ತಿಂಗಳುಗಳ ನಿರ್ಬಂಧ ಹೇರಿತು. ಆದರೆ ಆ ತಿಂಗಳುಗಳು ಮೀನಿನ ನಿಜವಾದ ಸಂತಾನಕಾಲಕ್ಕೆ ಹೊಂದುವುದಿಲ್ಲವೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಜೀವಿಯ ಬದುಕನ್ನು ಅರಿಯದೆ ರೂಪಿಸಿದ ತೊಟ್ಟಿಯಂತೆಯೇ, ಅದನ್ನು ಅರಿಯದೆ ರೂಪಿಸಿದ ಕಾನೂನೂ ಜೀವಿಯನ್ನು ಕಾಯಲಾರದು.

ಹಾಗೆಂದು ಅಕ್ವೇರಿಯಂ ಇಡುವವರನ್ನೆಲ್ಲ ಅಪರಾಧಿಗಳೆನ್ನುವುದು ನ್ಯಾಯವಲ್ಲ. ನೀರು ಹೇಗೆ ಕೆಡುತ್ತದೆ, ಹೇಗೆ ತಿಳಿಯಾಗುತ್ತದೆ ಎಂಬ ಪಾಠವನ್ನು ಎಷ್ಟೋ ಮಕ್ಕಳು ಮೊದಲು ಕಲಿಯುವುದು ಮನೆಯ ತೊಟ್ಟಿಯಿಂದಲೇ. ಸಾಕುವವರು ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಕೊಳ್ಳಲಿ. ಈ ಜೀವಿ ಎಲ್ಲಿ ಹುಟ್ಟಿದ್ದು, ಎಷ್ಟು ಬೆಳೆಯುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯಲ್ಲಿ ಕೇಳಲಿ. ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ಮರಳಲಿ. ಸಾಕಲಾಗದ ಮೀನನ್ನು ಪುಣ್ಯಕಾರ್ಯವೆಂದು ಕೆರೆಗೋ ಹೊಳೆಗೋ ಬಿಡದಿರಲಿ. ಹಾಗೆ ಬಿಟ್ಟ ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನುಗಳು ದಕ್ಷಿಣ ಭಾರತದ ಜಲಮೂಲಗಳಲ್ಲಿ ಈಗಾಗಲೇ ಬೇರೂರಿವೆ. ಆಕ್ಟೋಪಸ್‌ನ ಮಟ್ಟಿಗಂತೂ ಮೇಲಿನ ಲೆಕ್ಕವನ್ನೆಲ್ಲ ಪ್ರಾಮಾಣಿಕವಾಗಿ ಹಾಕಿದವರು ಕಡಲೇ ಅದಕ್ಕೆ ಮೇಲೆಂಬ ತೀರ್ಮಾನಕ್ಕೆ ಬಂದಾರು.

200 ಲೀಟರ್ ನೀರನ್ನು ಒಂದು ಜೀವಿಗೆ ಯೋಗ್ಯವಾಗಿಡಲು ಶೀತಕ, ಪಂಪು, ಲವಣ, ಮೂರು ತಿಂಗಳ ಕಾಯುವಿಕೆ ಮತ್ತು ಪ್ರತಿದಿನದ ಎಚ್ಚರ ಬೇಕಾಗುತ್ತದೆ. ತುಂಗೆಯೂ ಚಂದ್ರಗಿರಿಯೂ ಇದೇ ಕೆಲಸವನ್ನು ಸಾವಿರಾರು ಜೀವಿಗಳಿಗಾಗಿ, ಕಾಡಿನ ನೆರಳು ಮತ್ತು ಹರಿವಿನ ಬಲದಿಂದ, ಯಾರಿಂದಲೂ ಬಿಡಿಗಾಸು ಕೇಳದೆ ಮಾಡಿಕೊಂಡು ಬಂದಿವೆ. ಆ ಕಾಡನ್ನು ಕಡಿಯುವ, ಹರಿವನ್ನು ತಡೆಯುವ, ನೀರಿಗೆ ವಿಷ ಬೆರೆಸುವ ಪ್ರತಿಯೊಂದು ಯೋಜನೆಯ ಮುಂದೆಯೂ ಮಲೆನಾಡಿನ ಜನ ಈ ಲೆಕ್ಕವನ್ನು ಇಟ್ಟು ಉತ್ತರ ಕೇಳಬೇಕಾಗಿದೆ.