ಪರಸ್ಥಳದ ಮಣ್ಣಿನಲ್ಲಿ ಮೊದಲ ಕೈತೋಟ

ಊರು ಬಿಟ್ಟು ಬಂದವರ ಗಂಟಿನಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಿಡದ ಕಡ್ಡಿಯೊಂದು ಇರುವುದು ಅಪರೂಪವೇನಲ್ಲ. ಅಹಮದಾಬಾದಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ದೃಶ್ಯ ಪರಿಚಿತವೇ. ಬೇಸಿಗೆಯ ರಜೆಗೆ ಊರಿಗೆ ಹೋದ ಗೃಹಿಣಿ ಮೇ ತಿಂಗಳಿನಲ್ಲಿ ಹಿಂದಿರುಗುವಾಗ ತವರಿನ ಹಿತ್ತಿಲಿನಿಂದ ವೀಳ್ಯದ ಬಳ್ಳಿಯನ್ನೋ ಮಲ್ಲಿಗೆಯ ಕಡ್ಡಿಯನ್ನೋ ತರುತ್ತಾಳೆ. ಮನೆಯ ಯಜಮಾನರು ಉತ್ಸಾಹದಿಂದ ಹತ್ತು ಕುಂಡಗಳನ್ನು ಕೊಂಡು, ಗುಜರಾತಿನವರು ಅಗಾಸಿಯೆಂದು ಕರೆಯುವ ಮಾಳಿಗೆಯ ಮೇಲೆ ಸಾಲಾಗಿ ಇಡುತ್ತಾರೆ. ಬೆಳಿಗ್ಗೆ ನೀರು, ಸಂಜೆ ನೀರು, ನಡುವೆ ಮಕ್ಕಳ ಚೊಂಬಿನಿಂದ ಮತ್ತಷ್ಟು ನೀರು. ಮೂರು ವಾರ ಕಳೆಯುವಷ್ಟರಲ್ಲಿ ಎಲೆಯ ಅಂಚು ಸುಟ್ಟಂತಾಗಿ, ಕಡ್ಡಿ ಒಣಗಿ, ಕುಂಡ ಬರಿದಾಗುತ್ತದೆ. ‘ಈ ಊರಿನ ಮಣ್ಣೇ ಸರಿಯಿಲ್ಲ’ ಎಂಬ ತೀರ್ಪಿನೊಂದಿಗೆ ಕೈತೋಟದ ಅಧ್ಯಾಯ ಮುಗಿಯುತ್ತದೆ.

ಈ ತೀರ್ಪು ನ್ಯಾಯವಾದುದಲ್ಲ. ತಪ್ಪು ಮಣ್ಣಿನದಲ್ಲ, ಕಾಲವನ್ನೂ ಸ್ಥಳವನ್ನೂ ವಿಚಾರಿಸದೆ ಊರಿನ ಹಿತ್ತಿಲನ್ನೇ ಇಲ್ಲಿಗೆ ಎತ್ತಿ ತರಲು ಹೊರಟ ಆತುರದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿದರೆ ಅಹಮದಾಬಾದಿಗೆ ದೊರೆಯುವುದು ಸುಮಾರು 800 ಮಿಲಿಮೀಟರು ಮಾತ್ರ. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2016ರ ಮೇ 20ರಂದು ಇಲ್ಲಿ ಉಷ್ಣತೆ 48 ಡಿಗ್ರಿ ಸೆಲ್ಸಿಯಸ್ಸಿಗೆ ಏರಿತ್ತು. ಮಲೆನಾಡಿನ ತೋಟದ ನೆರಳಿನಲ್ಲಿ ಹಬ್ಬಿದ ವೀಳ್ಯದ ಬಳ್ಳಿಯನ್ನು ಇಂತಹ ಮೇ ತಿಂಗಳಿನಲ್ಲಿ ಕಾದ ಮಾಳಿಗೆಯ ಮೇಲೆ ನೆಟ್ಟು, ಅದು ಬದುಕಲಿಲ್ಲವೆಂದು ಮಣ್ಣನ್ನು ದೂರುವುದು ಎಲ್ಲಿಯ ಧರ್ಮ?

ಹಾಗಾದರೆ ಪರಸ್ಥಳದ ಗಿಡ ಇಲ್ಲಿ ಬೆಳೆಯುವುದೇ ಇಲ್ಲವೆಂದೇ? ಹಾಗೂ ಅಲ್ಲ. ಇದಕ್ಕೆ ಗುಜರಾತಿಗೂ ಕರ್ನಾಟಕಕ್ಕೂ ಸಮಾನವಾಗಿ ಸಲ್ಲುವ ನಿದರ್ಶನವೊಂದಿದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ಜಿ. ಎಚ್. ಕ್ರುಂಬಿಗಲ್ 1893ರಲ್ಲಿ ಬಂದು ಸೇರಿದ್ದು ಮಹಾರಾಜ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನವನ್ನು. ಅಲ್ಲಿಯ ಉದ್ಯಾನಗಳಲ್ಲಿ ವರ್ಷಗಟ್ಟಲೆ ದುಡಿದ ಬಳಿಕವೇ ಅವರು ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಬೆಂಗಳೂರಿನ ಬೀದಿಗಳಲ್ಲಿ ಒಂದರ ನಂತರ ಒಂದು ಹೂಬಿಡುವ ಮರಗಳ ಯೋಜನೆ ಅವರದೆಂಬುದು ಪ್ರಸಿದ್ಧ. ಆ ಮರಗಳಲ್ಲಿ ಅನೇಕವು ಹೊರನಾಡಿನವು. ಹೊರಗಿನ ಗಿಡ ಬೇರೂರಬಲ್ಲದು. ಆದರೆ ನೆಡುವವನು ಮೊದಲು ಅಲ್ಲಿಯ ನೆಲವನ್ನೂ ಹವೆಯನ್ನೂ ಅರಿತಿರಬೇಕು.

ಆದ್ದರಿಂದ ಹೊಸದಾಗಿ ಕೈತೋಟ ಹಾಕುವವರು ಹತ್ತು ಕುಂಡಗಳ ಬದಲು ಮೂರರಿಂದ ಆರಂಭಿಸುವುದು ಲೇಸು. ಅದೂ ಮೇ ತಿಂಗಳಿನಲ್ಲಲ್ಲ. ಜೂನ್ ಕೊನೆಯಲ್ಲಿ ಮೊದಲ ಮಳೆ ಬಿದ್ದ ಮೇಲೆ. ಮೊದಲ ವರ್ಷ ಇಲ್ಲಿಯವರೇ ಬೆಳೆಯುವ ಗಿಡಗಳನ್ನು ಆರಿಸಿಕೊಳ್ಳಬೇಕು. ಸಲಹೆ ಬೇಕಾದಲ್ಲಿ ನೆರೆಮನೆಯ ‘ಬಾ’ ಅವರನ್ನು ಕೇಳಿದರೆ ಸಾಕು. ಅವರು ‘ಮೀಠೋ ಲಿಮ್ಡೋ’ ಎಂದು ಕೊಡುವುದು ಕರಿಬೇವನ್ನು. ‘ಗುವಾರ್’ ಎನ್ನುವುದು ಗೋರಿಕಾಯಿಯನ್ನು. ‘ಮೋಗ್ರಾ’ ಎನ್ನುವುದು ಮಲ್ಲಿಗೆಯನ್ನು. ಹೆಸರು ಬೇರೆಯಾದರೂ ಒಗ್ಗರಣೆಯ ಪರಿಮಳ ಅದೇ. ದೀಪಾವಳಿ ಕಳೆದು ಚಳಿ ಬಂದಾಗ ಮೆಂತ್ಯ, ಕೊತ್ತಂಬರಿ, ಪಾಲಕ್ ಬಿತ್ತಬಹುದು. ಮೆಂತ್ಯದ ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಆದರೆ ಉತ್ತರಾಯಣದ ದಿನ ಗಾಳಿಪಟದ ಜನಸಂದಣಿ ಮಾಳಿಗೆಯೇರುವ ಮುನ್ನ ಕುಂಡಗಳನ್ನು ಮೂಲೆಗೆ ಸರಿಸುವುದನ್ನು ಮರೆಯಬಾರದು.

ಎರಡು ಪಾಲು ಮಣ್ಣಿಗೆ ಒಂದು ಪಾಲು ಕಳಿತ ಸಗಣಿ ಗೊಬ್ಬರ, ಒಂದು ಪಾಲು ಮರಳು ಸೇರಿಸಿದರೆ ನೀರು ಸರಾಗವಾಗಿ ಬಸಿಯುತ್ತದೆ. ಬೆರಳನ್ನು ಒಂದು ಅಂಗುಲ ಆಳಕ್ಕೆ ಊರಿ, ಒಣಗಿದ್ದರೆ ಮಾತ್ರ ನೀರೆರೆಯಬೇಕು. ಬಿಸಿಲಿನಿಂದ ಸತ್ತುದೆಂದು ತಿಳಿದ ಎಷ್ಟೋ ಗಿಡಗಳು ವಾಸ್ತವವಾಗಿ ಸಾಯುವುದು ಬೇರು ಕೊಳೆತು.

ಆರೋಗ್ಯದ ದೃಷ್ಟಿಯಿಂದಲೂ ಕೆಲವು ಮಾತು ಅಗತ್ಯ. ಮನೆಯ ಸೊಪ್ಪು ಒಳ್ಳೆಯದು, ನಿಜ. ಆದರೆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರು ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದುಮಾಡಿ ತಿಕ್ಕಿ ಒಣಗಿಸಬೇಕು. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುವ ಸಂಭವವಿರುವುದರಿಂದ ಮನೆಯವರೆಲ್ಲರ ಲಸಿಕೆ ಸಕಾಲದಲ್ಲಿ ಆಗಿರಬೇಕು. 2010ರ ಮೇ ತಿಂಗಳ ಭೀಕರ ಬಿಸಿಗಾಳಿಯ ಅನುಭವದಿಂದಲೇ ಅಹಮದಾಬಾದ್ ನಗರಪಾಲಿಕೆ 2013ರಲ್ಲಿ ಬಿಸಿಲಿನಿಂದ ಜನರನ್ನು ರಕ್ಷಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ಬೇಸಿಗೆಯಲ್ಲಿ ತೋಟದ ಕೆಲಸ ಬಿಸಿಲೇರುವ ಮುನ್ನವೇ ಮುಗಿಯಲಿ. ವಯಸ್ಸಾದವರು ಹಗಲಿನಲ್ಲಿ ಮಾಳಿಗೆಯೇರದಿರಲಿ.

ಕೈತೋಟದಿಂದ ತರಕಾರಿಯ ಖರ್ಚು ಉಳಿಯುವುದೆಂದು ಕೆಲವರು ಹೇಳುವುದುಂಟು. ಕುಂಡ, ಗೊಬ್ಬರ, ಬೀಜ, ನೀರುಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದರೆ ಮೊದಲ ವರ್ಷದ ಬೆಂಡೆಕಾಯಿ ಮಾರುಕಟ್ಟೆಯದಕ್ಕಿಂತ ದುಬಾರಿಯೇ ಆದೀತು. ಆದರೆ ಒಣಗಿದ ಪ್ರತಿಯೊಂದು ಗಿಡವೂ ಏನನ್ನಾದರೂ ಕಲಿಸಿರುತ್ತದೆ. ಆ ನಷ್ಟವನ್ನು ಬಂಡವಾಳವೆಂದು ತಿಳಿದು ಮುಂದಿನ ವರ್ಷಕ್ಕೆ ಒಯ್ಯುವವರಿಗೆ ತೋಟ ದಕ್ಕುತ್ತದೆ. ಖಾತೆಯನ್ನೇ ಮುಚ್ಚಿಬಿಟ್ಟವರಿಗೆ ಉಳಿಯುವುದು ಹತ್ತು ಬರಿಯ ಕುಂಡಗಳು.

ತವರಿನ ಬಳ್ಳಿಯನ್ನು ತರಲೇಬಾರದೆಂದು ಇದರ ಅರ್ಥವಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಕರಿಬೇವು ಎದೆಯೆತ್ತರ ಬೆಳೆದು ಒಂದಿಷ್ಟು ನೆರಳು ನೀಡತೊಡಗಿರುತ್ತದೆ. ವೀಳ್ಯದ ಬಳ್ಳಿ ಬರಬೇಕಾದುದು ಆಗ, ಆ ನೆರಳಿಗೆ. ಅದು ಚಿಗುರಿ ಎಲೆ ಬಿಟ್ಟಾಗ ಮೊದಲ ಎಲೆ ದೇವರಿಗೆ ಸಲ್ಲಲಿ. ಎರಡನೆಯದು, ಕರಿಬೇವಿನ ಸಸಿ ಕೊಟ್ಟ ನೆರೆಮನೆಯ ಬಾ ಅವರಿಗೆ.