ನೆನಪು ಮತ್ತು ಅದರ ಮೂಲ

ವೃದ್ಧರು ಒಂದು ಸಂಗತಿಯನ್ನು ಸರಿಯಾಗಿಯೇ ಜ್ಞಾಪಿಸಿಕೊಂಡು, ಅದನ್ನು ಹೇಳಿದವರಾರು ಎಂಬಲ್ಲಿ ತಪ್ಪುವುದುಂಟು. ಹಿರಿಯ ಸೊಸೆ ಆಡಿದ ಮಾತು ಕಿರಿಯ ಸೊಸೆಯ ತಲೆಗೆ ಬರುತ್ತದೆ. ಅಷ್ಟರಿಂದಲೇ ಅತ್ತೆಯವರು ಬೇಕೆಂದೇ ಸುಳ್ಳು ಹೇಳಿದರೆಂಬ ಅಪವಾದವು ಹುಟ್ಟಿ, ಮನೆಯ ಸೌಖ್ಯವು ಕೆಡುತ್ತದೆ. ಇಂತಹ ಅಪವಾದವನ್ನು ಹೊರಿಸುವ ಮುನ್ನ, ನೆನಪೆಂಬುದು ಹೇಗೆ ನಡೆಯತಕ್ಕದ್ದೆಂಬುದನ್ನು ವಾಚಕರು ಅರಿತಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ನೆನಪು ಮಿದುಳಿನ ಒಂದೇ ಭಾಗದ ಕೆಲಸವಲ್ಲ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ತರುಣನಿಗೆ ಮೂರ್ಛೆರೋಗದ ನಿವಾರಣೆಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮಿದುಳಿನ ಒಳಮಗ್ಗುಲಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ಎರಡು ಪಾರ್ಶ್ವಗಳಲ್ಲಿಯೂ ತೆಗೆದುಹಾಕಿದರು. ಮೂರ್ಛೆಯೇನೋ ತಗ್ಗಿತು, ಬಾಲ್ಯದ ಸಂಗತಿಗಳೂ ಉಳಿದವು. ಆದರೆ 2008ರಲ್ಲಿ ಮೃತನಾಗುವವರೆಗೂ ಹೊಸ ಸಂಗತಿಗಳು ಅವನ ಮನಸ್ಸಿನಲ್ಲಿ ನೆಲೆಗೊಳ್ಳಲಿಲ್ಲ. ನೆನಪು ನೆಲೆಗೊಳ್ಳುವುದಕ್ಕೆ ಆ ಭಾಗವು ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಯಿತು.

ಹಣೆಯ ಹಿಂದಿರುವ ಮುಂಭಾಗದ ಕೆಲಸವು ಬೇರೆ. ಅದನ್ನು ಶಾನುಭೋಗರಿಗೆ ಹೋಲಿಸಬಹುದು. ಯಾವುದಕ್ಕೆ ಗಮನ ಕೊಡಬೇಕೆಂದು ಆರಿಸುವುದು, ಬೇಕಾದಾಗ ಹುಡುಕಿ ತೆಗೆಯುವುದು, ತೆಗೆದದ್ದು ಯಾರಿಂದ, ಎಂದು ಬಂದಿತೆಂದು ಪರಿಶೀಲಿಸುವುದು, ಇವು ಬಹುಮಟ್ಟಿಗೆ ಅದರ ಪಾಲಿನವು. ಈ ಭಾಗಕ್ಕೆ ಪೆಟ್ಟಾದ ರೋಗಿಗಳನ್ನು ಕುರಿತು 1989ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ಅವರು ಕಲಿಸಿದ ಸಂಗತಿಗಳನ್ನು ಜ್ಞಾಪಿಸಿಕೊಂಡರೂ, ಎಲ್ಲಿ ಕಲಿತೆವೆಂಬಲ್ಲಿ ತಪ್ಪಿದರು. ಹಾನಿಯು ಹೆಚ್ಚಾದರೆ ಕೆಲವರು ನಡೆಯದುದನ್ನೂ ನಡೆದಂತೆ ಪೂರ್ಣ ನಂಬಿಕೆಯಿಂದ ಹೇಳುವುದುಂಟು. ಅದರಲ್ಲಿ ವಂಚನೆಯ ಉದ್ದೇಶವಿರುವುದಿಲ್ಲ.

ಈ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೆಯೂ ಬಲಿಯುತ್ತಿರುತ್ತದೆ; ವೃದ್ಧಾಪ್ಯದಲ್ಲಿ ಮಿದುಳಿನ ಇತರ ಹಲವು ಭಾಗಗಳಿಗಿಂತ ಹೆಚ್ಚಾಗಿ ಕುಗ್ಗುತ್ತದೆ. ಆದುದರಿಂದ ಎಳೆಯ ಮಕ್ಕಳು ಕೇಳಿದುದನ್ನು ಕಂಡೆವೆನ್ನುವುದೂ, ವೃದ್ಧರು ಒಬ್ಬರ ಮಾತನ್ನು ಇನ್ನೊಬ್ಬರದೆನ್ನುವುದೂ ಆಶ್ಚರ್ಯವಲ್ಲ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? “ಇಷ್ಟೂ ಜ್ಞಾಪಕವಿಲ್ಲವೇ?” ಎಂದು ಗದರಿಸುವುದಕ್ಕಿಂತ, “ಗೌರೀಹಬ್ಬದ ದಿನ ನಡುಮನೆಯಲ್ಲಿ ಕುಳಿತಿದ್ದಾಗ” ಎಂದು ಸ್ಥಳವನ್ನೂ ಸಂದರ್ಭವನ್ನೂ ಎತ್ತಿಕೊಟ್ಟರೆ ನೆನಪು ಸುಲಭವಾಗಿ ಬರುತ್ತದೆ. ಕೊಟ್ಟು ತೆಗೆದುಕೊಂಡ ಹಣವನ್ನೂ, ಔಷಧ ಸೇವಿಸಿದ ವೇಳೆಯನ್ನೂ ಆಗಲೇ ಬರೆದಿಡುವುದು ಕ್ಷೇಮ. ಆದರೆ ಪರಿಚಿತ ಬೀದಿಯಲ್ಲಿಯೇ ದಾರಿ ತಪ್ಪುವುದು, ಸ್ವಭಾವವೇ ಬದಲಾಗುವುದು, ತಲೆಗೆ ಪೆಟ್ಟಾದ ಮೇಲೆ ಮರವು ಹೆಚ್ಚುವುದು, ಇವುಗಳನ್ನು ವಯಸ್ಸಿನ ದೋಷವೆಂದು ಬಿಡದೆ ವೈದ್ಯರಿಗೆ ತೋರಿಸತಕ್ಕದ್ದು. ಥಟ್ಟನೆ ಗೊಂದಲವುಂಟಾದರೆ, ಇಲ್ಲವೆ ಮಾತು ತೊದಲಿದರೆ, ಒಂದು ಗಳಿಗೆಯೂ ತಡಮಾಡಬಾರದು.

ಮಾತು ಯಾರದೆಂಬುದನ್ನು ಮರೆತವರೆಲ್ಲರೂ ಸುಳ್ಳುಗಾರರಲ್ಲ. ಇದನ್ನರಿತು ನಡೆದರೆ ಎಷ್ಟೋ ಮನಸ್ತಾಪಗಳು ಹೊಸಿಲು ದಾಟುವ ಮುನ್ನವೇ ಶಮನವಾದಾವು.