ಶ್ರೀಗಂಧ: ತೋಟಗಳು ಹೆಚ್ಚಿದರೂ ತಳಿ ವೈವಿಧ್ಯ ಉಳಿದೀತೇ?

1792ರಲ್ಲಿ ಟಿಪ್ಪು ಸುಲ್ತಾನನ ಆಡಳಿತವು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿತು. ಅಂದಿನಿಂದ ಸುಮಾರು ಎರಡು ಶತಮಾನಗಳ ಕಾಲ ರೈತನ ಜಮೀನಿನ ಗಂಧದ ಮರಕ್ಕೂ ಸರ್ಕಾರವೇ ಒಡೆಯನಾಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಜಮೀನಿನ ಮಾಲೀಕನೇ ಮರದ ಮಾಲೀಕನಾದನು. ಇದರಿಂದ ಖಾಸಗಿ ತೋಟಗಳು ಹೆಚ್ಚಿದವು. ಆದರೆ ಕಾಡಿನ ಸಹಜ ಗಂಧದ ನೆಲೆಗಳು ಕ್ಷೀಣಿಸಿ, ಅಲ್ಲಲ್ಲಿ ಚದುರಿದ ಸಣ್ಣ ಗುಂಪುಗಳಷ್ಟೇ ಉಳಿದಿವೆ. ತೋಟಗಳು ಹೆಚ್ಚಿದ ಮಾತ್ರಕ್ಕೆ ಈ ನಷ್ಟವು ತುಂಬಿಬರುವುದಿಲ್ಲ.

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಕಳ್ಳರು ಚೇಗು ಬಲಿತ ಮರಗಳನ್ನೇ ಹುಡುಕಿ ಕಡಿಯುವುದರಿಂದ ಉತ್ತಮ ಗುಣದ ತಾಯಿಮರಗಳೇ ಮೊದಲು ನಾಶವಾಗುತ್ತವೆ. ಎರಡನೆಯದಾಗಿ, ಕಡಿದ ಜಾಗದಲ್ಲಿ ಬೇರಿನಿಂದ ಚಿಗುರುವ ಗಿಡಗಳೆಲ್ಲವೂ ಒಂದೇ ಮರದ ಪ್ರತಿರೂಪಗಳು. ಹತ್ತು ಕಾಂಡಗಳು ಕಂಡರೂ ಆನುವಂಶಿಕವಾಗಿ ಅದು ಒಂದೇ ಮರವಾಗಿರಬಹುದು. ಮೂರನೆಯದಾಗಿ, ಶ್ರೀಗಂಧವು ಪ್ರಧಾನವಾಗಿ ಪರಕೀಯ ಪರಾಗಸ್ಪರ್ಶ ಹೊಂದುವ ಮರ. ಒಂಟಿಯಾದ ಅಥವಾ ರಕ್ತಸಂಬಂಧಿ ಮರಗಳ ನಡುವೆ ಮಾತ್ರ ಉಳಿದ ಮರದಲ್ಲಿ ಬೀಜ ಕಡಿಮೆಯಾಗುತ್ತದೆ, ಸಸಿಗಳು ದುರ್ಬಲವಾಗುತ್ತವೆ.

ಇದರ ಪರಿಣಾಮವು ನೇರವಾಗಿ ಬೆಳೆಗಾರರನ್ನು ತಟ್ಟುವುದು ಸ್ಪೈಕ್ ರೋಗದ ಮೂಲಕ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ, ಫೈಟೋಪ್ಲಾಸ್ಮಾದಿಂದ ಉಂಟಾಗುವ ಈ ರೋಗವನ್ನು ಜಿಗಿಹುಳುಗಳು ಹರಡುತ್ತವೆ. ಎಲೆಗಳು ಕಿರಿದಾಗಿ ಸೆಟೆದು ನಿಲ್ಲುತ್ತವೆ. ಮರವು ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ತೋಟದ ಮಟ್ಟದಲ್ಲಿ ಬಳಸಬಹುದಾದ ಖಚಿತ ಚಿಕಿತ್ಸೆ ಇನ್ನೂ ಇಲ್ಲ. ಹೀಗಿರುವಾಗ ರೋಗ ತಾಳಿಕೊಳ್ಳುವ ಮರಗಳನ್ನು ಆಯ್ದು ವೃದ್ಧಿಸುವುದೇ ದೀರ್ಘಕಾಲದ ಭರವಸೆ. ಆಯ್ಕೆಗೆ ವೈವಿಧ್ಯವೇ ಇಲ್ಲದಿದ್ದರೆ ಆ ಭರವಸೆಗೂ ನೆಲೆಯಿಲ್ಲ. ನಾಲ್ಕಾರು ಮರಗಳ ಬೀಜದಿಂದಲೇ ಬೆಳೆದ ಸಸಿಗಳು ತಾಲ್ಲೂಕಿನ ತುಂಬ ಹರಡಿದರೆ, ಒಂದು ತೋಟಕ್ಕೆ ಬಂದ ಆಪತ್ತು ಎಲ್ಲ ತೋಟಗಳ ಆಪತ್ತಾಗಬಹುದು.

ಆದ್ದರಿಂದ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ:

• ಸಸಿ ಕೊಳ್ಳುವಾಗ ಬೆಲೆ, ಎತ್ತರಗಳ ಜೊತೆಗೆ ಬೀಜದ ಮೂಲವನ್ನೂ ವಿಚಾರಿಸಬೇಕು. ಎಷ್ಟು ತಾಯಿಮರಗಳಿಂದ ಬೀಜ ಸಂಗ್ರಹಿಸಲಾಗಿದೆ ಎಂಬುದು ಮುಖ್ಯ.

• ನರ್ಸರಿಯವರು ಪರಸ್ಪರ ದೂರದಲ್ಲಿರುವ, ಆರೋಗ್ಯವಂತ, ಸಾಧ್ಯವಾದರೆ 20ಕ್ಕೂ ಹೆಚ್ಚು ಮರಗಳಿಂದ ಸಮಪ್ರಮಾಣದಲ್ಲಿ ಬೀಜ ಪಡೆದು ಬೆರೆಸಬೇಕು. ಅರಣ್ಯದಿಂದ ಸಂಗ್ರಹಿಸಲು ಇಲಾಖೆಯ ಅನುಮತಿ ಅಗತ್ಯ.

• ಬದುಗಳಲ್ಲಿ ತಾನಾಗಿ ಬೆಳೆದ ಹಳೆಯ ಗಂಧದ ಮರಗಳನ್ನು ಪಹಣಿಯಲ್ಲಿ ದಾಖಲಿಸಿ ಉಳಿಸಿಕೊಳ್ಳಬೇಕು.

• ರೋಗಪೀಡಿತ ಪ್ರದೇಶದಲ್ಲಿ ಆರೋಗ್ಯವಾಗಿಯೇ ಉಳಿದ ಮರಗಳು ಕಂಡುಬಂದರೆ, ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಾಯ್ದೆಯು ಮರದ ಒಡೆತನವನ್ನು ರೈತನಿಗೆ ನೀಡಿದೆ. ತಳಿಯ ಹೊಣೆಯೂ ಅದರೊಡನೆಯೇ ಬಂದಿದೆ.